ಹುಳಿಹಿಟ್ಟು ಹುಡುಕುವ ರಾತ್ರಿ

2020ರ ಏಪ್ರಿಲ್ 7, ಮಂಗಳವಾರ ಸಂಜೆ. ಟೆಲ್ ಅವೀವ್ ಪಕ್ಕದ ಹೋಲೋನ್‌ನಲ್ಲಿ ಮೂರನೇ ಮಹಡಿಯ ಮನೆ. ಒಳಗೆ ಇಬ್ಬರೇ: 87 ವರ್ಷದ ಸಬಾ, ಅವರನ್ನು ನೋಡಿಕೊಳ್ಳುವ ನಾನು. ಸಬಾ ಅಂದರೆ ಹೀಬ್ರೂ ಭಾಷೆಯಲ್ಲಿ ಅಜ್ಜ. ಮರುದಿನ ರಾತ್ರಿ ಪೆಸಾಖ್ ಹಬ್ಬ. ನಮ್ಮ ಕನ್ನಡ ಬೈಬಲಿನಲ್ಲಿ ಅದಕ್ಕೆ ಪಸ್ಕಹಬ್ಬ ಎಂಬ ಹೆಸರು. ಹಬ್ಬದ ಮುನ್ನಾ ರಾತ್ರಿ ಯೆಹೂದ್ಯರ ಮನೆಗಳಲ್ಲಿ ಬತ್ತಿ ಹಚ್ಚಿ ಮೂಲೆ ಮೂಲೆಯಲ್ಲಿ ಹುಳಿಹಿಟ್ಟು ಹುಡುಕುತ್ತಾರೆ. ಪ್ರತಿವರ್ಷ ಸಬಾರ ಮೊಮ್ಮಗ ಬರುತ್ತಿದ್ದ. ಸಬಾ ದೇವರ ಸ್ತುತಿ ಹೇಳಿ, ತಮ್ಮ ಕುರ್ಚಿ ಪಕ್ಕದ ಡ್ರಾಯರೊಂದನ್ನು ತಾವೇ ಎಳೆದು ನೋಡಿ, ಉಳಿದ ಮನೆಯನ್ನು ಅವನಿಗೆ ಬಿಡುತ್ತಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಅವರ ಕೈ ನಡುಗುತ್ತಿತ್ತು, ಬತ್ತಿ ಹಿಡಿಯಲು ಆಗುತ್ತಿರಲಿಲ್ಲ.

ಆ ವರ್ಷ ಕೊರೊನಾ. ಒಂದೂರಿನಿಂದ ಇನ್ನೊಂದೂರಿಗೆ ಹೋಗುವಂತಿಲ್ಲ, ಹಬ್ಬದ ರಾತ್ರಿ ಮನೆ ಬಿಟ್ಟು ಹೊರಡುವಂತಿಲ್ಲ ಎಂದು ಸರ್ಕಾರದ ಆದೇಶ. ಮೊಮ್ಮಗ ಫೋನಿನಲ್ಲಿ ಅತ್ತುಬಿಟ್ಟ. ಫೋನ್ ಇಟ್ಟ ಮೇಲೆ ಸಬಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಮಗಳೇ, ನೀನು ಬೆಳಕು ಹಿಡೀತೀಯಾ? ಹುಡುಕೋದು ನಾನು.”

ನಾನು ಬಂಟ್ವಾಳದ ಕಡೆಯವಳು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಮಾಧ್ಯಮ, ಹುಟ್ಟಿದ್ದು ಕಥೊಲಿಕ್ ಕುಟುಂಬದಲ್ಲಿ. ಕರಾವಳಿಯ ಎಷ್ಟೋ ಹೆಂಗಸರ ಹಾಗೆ ಮುದುಕರ ಆರೈಕೆಯ ಕೆಲಸಕ್ಕೆ ಇಸ್ರೇಲಿಗೆ ಹೋದವಳು. ಸಬಾ ಹುಟ್ಟಿದ್ದು ಈಗಿನ ಯೆಮೆನ್ ದೇಶದ ಏಡನ್ ಬಂದರಿನಲ್ಲಿ. 1839ರಿಂದ 1937ರವರೆಗೆ ಏಡನ್ ಬ್ರಿಟಿಷ್ ಇಂಡಿಯಾದ ಭಾಗವಾಗಿತ್ತು, ಬಹುಕಾಲ ಬೊಂಬಾಯಿಯಿಂದಲೇ ಅದರ ಆಡಳಿತ. ಅಂಗಡಿಯಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. “ನಾನು ಮೊದಲು ಎಣಿಸಲು ಕಲಿತದ್ದು ನಿಮ್ಮ ಆಣೆಯಲ್ಲಿ” ಎಂದು ಸಬಾ ಹೇಳುತ್ತಿದ್ದರು. ದೊಡ್ಡ ಅಕ್ಷರದ ಪುಸ್ತಕಗಳನ್ನು ಮಡಿಲಲ್ಲಿಟ್ಟುಕೊಂಡು ಸಂಜೆ ಓದುತ್ತಿದ್ದರು. ಹಾಳೆ ತಿರುವುವುದು ನನ್ನ ಕೆಲಸ. ಏಳು ವರ್ಷ ಹಾಳೆ ತಿರುವಿದ ಮೇಲೆ ಆ ಹಾಳೆಗಳಲ್ಲಿ ಏನಿದೆ ಎಂದು ಕೇಳದೇ ಇರಲು ನನ್ನಿಂದ ಆಗಲಿಲ್ಲ. ಈ ಬರಹದಲ್ಲಿರುವುದು ಹಾಗೆ ಕೇಳಿ ತಿಳಿದದ್ದು, ಊರಿಗೆ ಬಂದ ಮೇಲೆ ನಾನೇ ಹುಡುಕಿ ಓದಿದ್ದು.

ಹುಳಿ ಬರುವುದು ಅಂದರೆ ಏನೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಮ್ಮ ಹಬ್ಬಕ್ಕೆ ಸನ್ನ ಮಾಡುವಾಗ ರುಬ್ಬಿದ ಅಕ್ಕಿಗೆ ಶೇಂದಿ ಹೊಯ್ದು ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಪಾತ್ರೆಯ ಮುಚ್ಚಳ ಮೇಲೆದ್ದಿರುತ್ತಿತ್ತು. ಆದರೆ ಸಬಾರ ಲೆಕ್ಕದಲ್ಲಿ ನಮ್ಮ ಸನ್ನ, ಇಡ್ಲಿ, ದೋಸೆ ಯಾವುದೂ ಹುಳಿಹಿಟ್ಟಲ್ಲ. ಗೋಧಿ, ಜವೆ ಮತ್ತು ಅವುಗಳ ನಂಟಿನ ಮೂರು, ಒಟ್ಟು ಐದು ಧಾನ್ಯಗಳ ಹಿಟ್ಟು ನೀರು ಸೋಕಿ ಉಬ್ಬಿದರೆ ಮಾತ್ರ ಅದು ‘ಹಮೆತ್ಸ್’. ನಾದಿದ ಹಿಟ್ಟನ್ನು ಮುಟ್ಟದೆ ಬಿಟ್ಟರೆ 18 ನಿಮಿಷಕ್ಕೆ ಅದು ಹಮೆತ್ಸ್ ಆಯಿತು. ಅಕ್ಕಿ ಹುಳಿ ಬರುವುದಿಲ್ಲ, ಕೊಳೆಯುತ್ತದೆ ಅಷ್ಟೆ ಎಂದು ಯೆಹೂದ್ಯರ ಶಾಸ್ತ್ರಗ್ರಂಥ ತಾಲ್ಮುದ್ ತೀರ್ಮಾನಿಸಿದೆ. ಆದರೂ ಯುರೋಪಿನ ಅನೇಕ ಯೆಹೂದ್ಯರು ಹದಿಮೂರನೇ ಶತಮಾನದಿಂದ ಈಚೆಗೆ ಹಬ್ಬದಲ್ಲಿ ಅಕ್ಕಿಯನ್ನೂ ಬೇಳೆಕಾಳನ್ನೂ ಬಿಟ್ಟರು. ಏಡನ್ ಕಡೆಯ ಸಬಾಗೂ ಪೋಲೆಂಡ್ ಮೂಲದ ಸೊಸೆಗೂ ಈ ವಿಷಯದಲ್ಲಿ ಪ್ರತಿವರ್ಷ ಒಂದು ಸುತ್ತು ಮಾತಾಗುತ್ತಿತ್ತು. ಯೆಮೆನ್ ಕಡೆಯವರ ಹಬ್ಬದ ರೊಟ್ಟಿಯೂ ಬೇರೆ. ಪೆಟ್ಟಿಗೆಯಲ್ಲಿ ಬರುವ ಗರಿಗರಿ ಹಾಳೆಯಂಥದ್ದಲ್ಲ, ನಮ್ಮ ಚಪಾತಿಯಂತೆ ಮೆತ್ತಗೆ ಮಡಚಬಹುದಾದದ್ದು.

ಮನೆಯಿಂದ ಹುಳಿಯನ್ನು ತೆಗೆಯಬೇಕು ಎಂಬ ಆಜ್ಞೆ ವಿಮೋಚನಕಾಂಡದ ಹನ್ನೆರಡನೇ ಅಧ್ಯಾಯದಲ್ಲಿದೆ. ಐಗುಪ್ತದಿಂದ ಹೊರಟ ಜನಕ್ಕೆ ಹಿಟ್ಟು ಉಬ್ಬುವಷ್ಟು ಹೊತ್ತೂ ಇರಲಿಲ್ಲ, ಆ ನೆನಪಿಗೆ ಏಳು ದಿನ ಹುಳಿ ತಿನ್ನಬಾರದು, ಮನೆಯಲ್ಲಿ ಇರಲೂ ಬಾರದು. ಆದರೆ ಹೇಗೆ ತೆಗೆಯುವುದು? ಸುಡುವುದೋ, ಎಸೆಯುವುದೋ, ಬೀಗ ಹಾಕಿ ಇಡುವುದೋ? ಆಜ್ಞೆಯಲ್ಲಿ ಅದು ಇಲ್ಲ. ಐಗುಪ್ತದ ಅಸ್ವಾನ್ ಬಳಿ ನೈಲ್ ನದಿಯ ಎಲಿಫಂಟೀನ್ ದ್ವೀಪದಲ್ಲಿ ಪರ್ಶಿಯಾದ ಅರಸರಿಗಾಗಿ ಕಾವಲಿದ್ದ ಯೆಹೂದಿ ಸೈನಿಕರ ಕೇರಿ ಇತ್ತು. ಕ್ರಿ.ಪೂ. 419ರಲ್ಲಿ ಅವರಿಗೆ ಹನನ್ಯ ಎಂಬವನು ಅರಾಮಿಕ್ ಭಾಷೆಯಲ್ಲಿ ಬರೆದ ಒಂದು ಪತ್ರ ಸಿಕ್ಕಿದೆ. ಅರ್ಧಕ್ಕರ್ಧ ಹರಿದುಹೋಗಿದೆ. ಉಳಿದ ತುಣುಕುಗಳಲ್ಲಿ ಹುಳಿಯ ಮಾತು, ಒಳಕೋಣೆಯ ಮಾತು, ಮುದ್ರೆ ಹಾಕುವ ಮಾತು ಇವೆ. ಓದಿದ ವಿದ್ವಾಂಸರು ಇದನ್ನು ಹಬ್ಬ ಮುಗಿಯುವವರೆಗೆ ಹುಳಿಯನ್ನು ಕೋಣೆಯಲ್ಲಿಟ್ಟು ಮುದ್ರೆ ಹಾಕಿ ಎಂಬ ಸೂಚನೆಯೆಂದು ಬಿಡಿಸಿದ್ದಾರೆ. ಹಾಗಾದರೆ ಆ ದ್ವೀಪದಲ್ಲಿ ಹುಳಿ ಕಣ್ಣಿಗೆ ಮರೆಯಾಗಿದ್ದರೆ ಸಾಕಿತ್ತು.

ಜೆರುಸಲೇಮಿನಲ್ಲಿ ನಡೆಯುತ್ತಿದ್ದ ಕ್ರಮ ಬೇರೆ. ಮಿಶ್ನಾ ಎಂಬ ಶಾಸ್ತ್ರಸಂಗ್ರಹದಲ್ಲಿ, ದೇವಾಲಯ ಇದ್ದ ಕಾಲದ ಒಂದು ನೋಟವನ್ನು ರಬ್ಬಿ ಯೆಹೂದಾ ಹೇಳುತ್ತಾರೆ. ಹಬ್ಬದ ಹಿಂದಿನ ಬೆಳಿಗ್ಗೆ ದೇವಾಲಯದ ಪಡಸಾಲೆಯ ಚಾವಣಿ ಮೇಲೆ, ಕಾಣಿಕೆಗೆ ಬಂದು ಸಲ್ಲದೇ ಹೋದ ಎರಡು ರೊಟ್ಟಿ ಇಡುತ್ತಿದ್ದರು. ಎರಡೂ ಇರುವವರೆಗೆ ಊರಿನವರು ಹುಳಿರೊಟ್ಟಿ ತಿನ್ನಬಹುದು. ಒಂದನ್ನು ತೆಗೆದರೆ ತಿನ್ನುವಂತಿಲ್ಲ, ಸುಡುವಂತೆಯೂ ಇಲ್ಲ. ಎರಡನೆಯದನ್ನೂ ತೆಗೆದರೆ ಊರಿಗೆ ಊರೇ ಸುಡಲು ತೊಡಗುತ್ತಿತ್ತು. ಗಡಿಯಾರವಿಲ್ಲದ ಕಾಲಕ್ಕೆ ಇದಕ್ಕಿಂತ ಚೆನ್ನಾದ ಸಮಯಸೂಚಿ ಇರಲಾರದು. ಇಂದಿಗೂ ಆ ಬೆಳಿಗ್ಗೆ ಇಸ್ರೇಲಿನ ಖಾಲಿ ಸೈಟುಗಳಲ್ಲಿ ಸಣ್ಣ ಸಣ್ಣ ಬೆಂಕಿ ಉರಿಯುತ್ತದೆ, ಸುಟ್ಟ ಬ್ರೆಡ್ಡಿನ ವಾಸನೆ ಕಿಟಕಿಗೆ ಬರುತ್ತದೆ.

ಮಿಶ್ನಾದ ಪೆಸಾಹಿಮ್ ಎಂಬ ಭಾಗ ಶುರುವಾಗುವುದೇ ಹುಡುಕಾಟದಿಂದ: ಹಬ್ಬದ ತಿಂಗಳ ಹದಿನಾಲ್ಕನೇ ತಾರೀಕಿನ ಇರುಳಲ್ಲಿ ದೀಪದ ಬೆಳಕಿನಲ್ಲಿ ಹುಳಿ ಹುಡುಕಬೇಕು. ಅವರ ತಿಂಗಳಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಹಗಲು ಯಾಕಿಲ್ಲ? ರಾತ್ರಿ ಎಲ್ಲರೂ ಮನೆಯಲ್ಲಿರುತ್ತಾರೆ, ಕತ್ತಲಲ್ಲೇ ದೀಪದ ಬೆಳಕು ಚೆನ್ನಾಗಿ ಕಾಣುವುದು ಎಂದು ತಾಲ್ಮುದ್ ಉತ್ತರ ಕೊಡುತ್ತದೆ. ಪಂಜು ಆಗದು. ಅದು ಗೋಡೆಯ ಬಿರುಕಿಗೆ ಹೋಗುವುದಿಲ್ಲ. ಹಿಡಿದವನ ಗಮನ ಹುಳಿಯ ಮೇಲಿರದೆ ಮನೆಗೆ ಬೆಂಕಿ ಬಿದ್ದೀತೆಂಬ ಭಯದಲ್ಲೇ ಇರುತ್ತದೆ. ಚೇಳಿರುವ ಬಿಲಕ್ಕೆ ಕೈ ಹಾಕಬೇಕಾಗಿಲ್ಲ. ಮುಂಗುಸಿಯಂಥ ಸಣ್ಣ ಪ್ರಾಣಿ ಪಕ್ಕದ ಮನೆಯಿಂದ ಚೂರು ಎಳೆದು ತಂದಿದ್ದರೆ ಎಂದು ಹೆದರಬೇಕಾಗಿಲ್ಲ. ಹಾಗೆ ಹೆದರಿದರೆ ಅಂಗಳದಿಂದ ಅಂಗಳಕ್ಕೆ, ಊರಿಂದ ಊರಿಗೆ, ಕೊನೆಯೇ ಇಲ್ಲ. ಅನ್ಯರ ಮನೆಗೂ ತನ್ನ ಮನೆಗೂ ನಡುವಿನ ಗೋಡೆಯ ಕಿಂಡಿಯ ಮೇಲೆ ಒಂದು ವಾದವೇ ಇದೆ. ರಾತ್ರಿ ದೀಪ ಹಿಡಿದು ಗೋಡೆಯ ಕಿಂಡಿ ಇಣುಕುವ ಯೆಹೂದಿಯನ್ನು ಪಕ್ಕದವನು ಮಾಟಗಾರ ಅಂದುಕೊಂಡರೆ ಜೀವಕ್ಕೇ ಅಪಾಯ, ಅದನ್ನು ಬಿಟ್ಟುಬಿಡಿ ಎನ್ನುತ್ತಾನೆ ಒಬ್ಬ ಪಂಡಿತ. ಆ ಒಂದು ಮಾತಿನಲ್ಲಿ ಅವರು ಎಂಥ ಕೇರಿಗಳಲ್ಲಿ ಬದುಕಿದ್ದರೆಂಬುದು ಕಾಣುತ್ತದೆ.

ಹುಡುಕಬೇಕಾದದ್ದು ರೊಟ್ಟಿಯನ್ನು ಮಾತ್ರವೂ ಅಲ್ಲ. ಮೀಡಿಯಾ ದೇಶದ ಬಿಯರ್, ಐಗುಪ್ತದ ಜವೆಯ ಪಾನೀಯ, ಬಣ್ಣಗಾರರ ತೌಡಿನ ನೀರು, ಲಿಪಿಕಾರರು ಹಾಳೆ ಅಂಟಿಸುವ ಹಿಟ್ಟಿನ ಅಂಟು, ಎಲ್ಲವೂ ಮಿಶ್ನಾದ ಪಟ್ಟಿಯಲ್ಲಿವೆ.

ಇನ್ನು ಬಾಯಲ್ಲಿ ಹೇಳುವ ಮಾತು. ಆಜ್ಞೆಯೊಂದನ್ನು ನಡೆಸುವ ಮುಂಚೆ ಯೆಹೂದ್ಯರು ಒಂದು ಬೆರಾಖಾ ಹೇಳುತ್ತಾರೆ. ಆಶೀರ್ವಾದ ಎಂಬ ಅರ್ಥ ಇದ್ದರೂ ಅದು ಯಾರನ್ನೋ ಹರಸುವುದಲ್ಲ. ಲೋಕದ ಅರಸನಾದ ದೇವರನ್ನು ಕೊಂಡಾಡಿ, ಆಜ್ಞೆಗಳಿಂದ ನಮ್ಮನ್ನು ಪವಿತ್ರ ಮಾಡಿದೆ, ಇಂಥದ್ದನ್ನು ಮಾಡಲು ಹೇಳಿದೆ ಎಂದು ಒಪ್ಪಿಕೊಳ್ಳುವ ಒಂದೇ ವಾಕ್ಯ. ಹುಳಿ ಹುಡುಕುವವನು ಬೆರಾಖಾ ಹೇಳಲೇಬೇಕು ಎಂದವರು ಮೂರನೇ ಶತಮಾನದಲ್ಲಿ ಬ್ಯಾಬಿಲೋನಿಯಾದ ಪುಂಬೆದಿತಾ ವಿದ್ಯಾಪೀಠದ ರವ್ ಯೆಹೂದಾ. ಯಾವ ಶಬ್ದಗಳಲ್ಲಿ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. ರಾವಾ ಎಂಬ ಗುರುವಿನ ಇಬ್ಬರು ಶಿಷ್ಯರು, ಹೆಸರೂ ಹತ್ತಿರ ಹತ್ತಿರ: ರವ್ ಪಪ್ಪಿ ಮತ್ತು ರವ್ ಪಾಪಾ. ನಮ್ಮ ಗುರುಗಳು ‘ಲೆವಾಎರ್’ ಅಂದರು ಎಂದು ಒಬ್ಬರು, ‘ಅಲ್ ಬಿಊರ್’ ಅಂದರು ಎಂದು ಇನ್ನೊಬ್ಬರು.

ಈ ಜಗಳ ಕನ್ನಡದವರಿಗೆ ಬಲು ಬೇಗ ತಿಳಿಯುತ್ತದೆ, ಯಾಕೆಂದರೆ ಅದು ಒಂದು ಪ್ರತ್ಯಯದ ಜಗಳ. ಮೊದಲನೆಯದು ‘ಹುಳಿ ತೆಗೆಯಲು ಹೇಳಿದೆ’. ಎರಡನೆಯದು ‘ಹುಳಿ ತೆಗೆಯುವ ವಿಚಾರವಾಗಿ ಹೇಳಿದೆ’. ‘ತೆಗೆಯಲು’ ಅಂದರೆ ಕೆಲಸ ಇನ್ನು ಮುಂದಿದೆ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ‘ತೆಗೆಯುವ ವಿಚಾರವಾಗಿ’ ಅಂದಾಗ ಕೆಲಸ ಮುಗಿದೇ ಹೋಗಿದೆ ಎಂಬ ಧ್ವನಿ ಬರುವುದಿಲ್ಲವೇ? ಬಂದರೆ ಕಷ್ಟ, ಬೆರಾಖಾ ಯಾವಾಗಲೂ ಕೆಲಸಕ್ಕೆ ಮುಂಚೆಯೇ ಬರಬೇಕು. ಆ ನಿಯಮವನ್ನು ಹೇಳುವ ಹೀಬ್ರೂ ಶಬ್ದದ ಅರ್ಥ ದಾಟು ಎಂದು. ದಾಟುವುದು ಅಂದರೆ ಮುಂಚೆ ಎಂದು ಹೇಗೆ ಗೊತ್ತು ಎಂದರೆ, ಅರಸ ದಾವೀದನಿಗೆ ಯುದ್ಧದ ಸುದ್ದಿ ಒಯ್ಯಲು ಓಡಿದ ಅಹೀಮಾಚನು ಮೊದಲು ಹೊರಟಿದ್ದ ಕೂಷ್ಯನನ್ನು ದಾಟಿ ಮುಂದೆ ಹೋದ ಕತೆಯನ್ನು ಸಾಕ್ಷಿಗೆ ತರುತ್ತಾರೆ. ಸುನ್ನತಿ, ನಾಲ್ಕು ಸಸ್ಯಗಳ ಹಬ್ಬ ಎಂದು ಬೇರೆ ಬೇರೆ ಆಚರಣೆಗಳ ಬೆರಾಖಾಗಳನ್ನು ಒಂದೊಂದಾಗಿ ತೂಗಿ ನೋಡಿ ಕೊನೆಗೆ ತಾಲ್ಮುದ್ ತೀರ್ಪು ಕೊಡುತ್ತದೆ: ‘ಅಲ್’.

ತೀರ್ಪು ಬಂದ ಮೇಲೂ ಯಾಕೆ ಎಂಬುದು ಉಳಿಯಿತು. ಅದಕ್ಕೆ ಉತ್ತರ ಹುಡುಕಿದವರಲ್ಲಿ ಸಬಾಗೆ ಪ್ರಿಯರಾದವರು ಕೈರೋದ ಮೋಶೆ ಮೈಮೋನಿದೆಸ್ (1138–1204). ಯೆಮೆನ್ ಕಡೆಯವರಿಗೆ ಅವರು ರಂಬಾಮ್, ಮನೆಯ ಹಿರಿಯರಂತೆ. ಅವರ ಶಾಸ್ತ್ರಗ್ರಂಥದಲ್ಲಿ ಒಂದು ಸೂತ್ರವಿದೆ. ತನಗಾಗಿ ಈಗ ಮಾಡಹೊರಟ ಕೆಲಸಕ್ಕೆ ‘ಮಾಡಲು’ ಎನ್ನಬೇಕು. ಇನ್ನೊಬ್ಬರ ಪರವಾಗಿ ಮಾಡಿದರೆ, ಇಲ್ಲವೇ ಕೆಲಸ ಆಗಲೇ ನಡೆದಿದ್ದರೆ ‘ಮಾಡುವ ವಿಚಾರವಾಗಿ’ ಎನ್ನಬೇಕು. ಹಾಗಾದರೆ ತನ್ನದೇ ಮನೆಯಲ್ಲಿ ಹುಳಿ ಹುಡುಕುವವನು ‘ಅಲ್’ ಎನ್ನುವುದು ಹೇಗೆ? ಇದು ನನಗೆ ಇಲ್ಲ, ಬೇಡ ಎಂದು ಮನಸ್ಸಿನಲ್ಲಿ ತೀರ್ಮಾನಿಸಿದ ಗಳಿಗೆಯಲ್ಲೇ ತೆಗೆಯುವ ಆಜ್ಞೆ ನೆರವೇರಿತು ಎನ್ನುತ್ತಾರೆ ಮೈಮೋನಿದೆಸ್. ಬತ್ತಿ ಹಚ್ಚುವ ಮೊದಲೇ ಮುಖ್ಯ ಕೆಲಸ ಆಗಿಹೋಗಿದೆ. ಈ ಸಾಲು ಬಂದಾಗಲೆಲ್ಲ ಸಬಾ ಪುಸ್ತಕದ ಮೇಲೆ ಅಂಗೈ ಇಟ್ಟು ಒಂದು ಕ್ಷಣ ಸುಮ್ಮನಿರುತ್ತಿದ್ದರು.

ಇನ್ನೊಂದು ಪ್ರಶ್ನೆ ಎಲ್ಲರಿಗೂ ಬರುವಂಥದ್ದು. ರಾತ್ರಿ ಮಾಡುವುದು ಹುಡುಕಾಟ. ತೆಗೆದು ಸುಡುವುದು ನಾಳೆ. ಬೆರಾಖಾದಲ್ಲಿ ಮಾತ್ರ ‘ಹುಡುಕುವುದು’ ಎಂಬ ಶಬ್ದವೇ ಇಲ್ಲ, ‘ತೆಗೆಯುವುದು’ ಎಂದಿದೆ. ಜರ್ಮನಿಯಿಂದ ಸ್ಪೇನಿಗೆ ವಲಸೆ ಬಂದು ತೊಲೆದೋ ನಗರದಲ್ಲಿ 1327ರಲ್ಲಿ ತೀರಿಕೊಂಡ ರಬ್ಬಿ ಆಶೇರ್ ಇದನ್ನು ಬಿಡಿಸಿದರು. ಹುಡುಕುವುದು ತೆಗೆಯುವುದರ ಮೊದಲ ಹೆಜ್ಜೆ. ಬೆರಾಖಾ ಹೇಳುವುದು ಮೊದಲ ಹೆಜ್ಜೆಗೆ, ಅದರ ಬೆಳಕು ಬೀಳುವುದು ಮರುದಿನದ ಬೆಂಕಿಯವರೆಗೆ. ಅದಕ್ಕೇ ಬೆಳಿಗ್ಗೆ ಸುಡುವಾಗ ಬೇರೆ ಬೆರಾಖಾ ಇಲ್ಲ. ಹೊಸದೊಂದು ಕಾಲ ಬಂದಾಗ ಹೇಳುವ ಕೃತಜ್ಞತೆಯ ಬೆರಾಖಾವನ್ನೂ ಇಲ್ಲಿ ಹೇಳುವುದಿಲ್ಲ, ಅದು ಹಬ್ಬದ ರಾತ್ರಿಯದರಲ್ಲೇ ಅಡಗಿದೆ ಎಂದರು ಅವರು. ಇದ್ದ ಆಹಾರವನ್ನು ಕಳೆದುಕೊಳ್ಳುವಾಗ ಎಂಥ ಸಂತೋಷ, ಅದಕ್ಕೇ ಇಲ್ಲ ಎಂದವರೂ ಇದ್ದಾರೆ. ಬಡವರ ಮನೆಯ ಅಟ್ಟವನ್ನು ಕಂಡವರೇ ಈ ಮಾತು ಹೇಳಿರಬೇಕು ಎಂದು ನನಗೆ ಅನ್ನಿಸುತ್ತದೆ.

1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ‘ಶುಲ್ಖಾನ್ ಆರೂಖ್’ ಗ್ರಂಥದಲ್ಲಿ ಸಫೇದ್ ಊರಿನ ಯೋಸೆಫ್ ಕಾರೋ ಇವನ್ನೆಲ್ಲ ನಾಲ್ಕು ಮಾತಿನಲ್ಲಿ ಇಳಿಸಿದರು. ಬೆರಾಖಾಕ್ಕೂ ಹುಡುಕಾಟಕ್ಕೂ ನಡುವೆ ಮಾತಾಡಬಾರದು. ಹುಡುಕಾಟ ಮುಗಿಯುವವರೆಗೂ ಬೇರೆ ಮಾತು ಬೇಡ, ಗಮನ ಅಲ್ಲೇ ಇರಲಿ. ಒಂದೇ ಬೆರಾಖಾದಲ್ಲಿ ಹಲವು ಮನೆ ನೋಡಬಹುದು. ಮನೆಯವರನ್ನು ಹತ್ತಿರ ನಿಲ್ಲಿಸಿಕೊಂಡು ಯಜಮಾನ ಹೇಳಿದರೆ, ಕೇಳಿಸಿಕೊಂಡವರು ಚದುರಿ ತಂತಮ್ಮ ಮೂಲೆ ಹುಡುಕಬಹುದು. ಅದಕ್ಕೆ ಪೋಲೆಂಡಿನ ಕ್ರಾಕೋವ್ ನಗರದ ರಬ್ಬಿ ಮೋಶೆ ಇಸೆರ್ಲೆಸ್ ಟಿಪ್ಪಣಿ ಸೇರಿಸಿದರು: ನಮ್ಮಲ್ಲಿ ರೊಟ್ಟಿಯ ಚೂರುಗಳನ್ನು ಮೊದಲೇ ಅಲ್ಲಲ್ಲಿ ಇಡುತ್ತಾರೆ, ಹುಡುಕುವವನಿಗೆ ಏನೂ ಸಿಗದೆ ಬೆರಾಖಾ ವ್ಯರ್ಥವಾಗದಿರಲಿ ಎಂದು. ಇಡದಿದ್ದರೂ ದೋಷವಿಲ್ಲ, ಸಿಕ್ಕಿದರೆ ತೆಗೆಯುತ್ತೇನೆ ಎಂಬುದೇ ಎಲ್ಲರ ಮನಸ್ಸಿನಲ್ಲಿರುವುದು ಎಂದೂ ಅವರೇ ಬರೆದರು. ಚೂರುಗಳು ಹತ್ತೇ ಇರಬೇಕೆಂಬುದು ಸಫೇದ್‌ನ ಗುರು ಐಸಾಕ್ ಲೂರಿಯಾ ಅವರ ಹೆಸರಿನಲ್ಲಿ ಬಂದ ಕ್ರಮ. ಸಬಾರ ಸೊಸೆ ಹತ್ತು ಚೂರನ್ನು ಒಂದೊಂದೇ ಕಾಗದದಲ್ಲಿ ಸುತ್ತಿ ಫ್ರಿಜ್ ಮೇಲೆ, ಟಿವಿ ಹಿಂದೆ ಇಡುತ್ತಿದ್ದರು. “ಇಟ್ಟದ್ದನ್ನು ತೆಗೆಯುವುದು ಹುಡುಕಾಟವೇ?” ಎಂದು ಸಬಾ ಪ್ರತಿವರ್ಷ ಕೇಳುತ್ತಿದ್ದರು. ಮೊಮ್ಮಕ್ಕಳಿಗಾಗಿ ಒಪ್ಪುತ್ತಲೂ ಇದ್ದರು. ಈ ವಿಷಯದಲ್ಲಿ ನಾನು ಸೊಸೆಯ ಪಕ್ಷ. ದೇವರ ಹೆಸರು ಸುಮ್ಮನೆ ಬಾಯಿಗೆ ಬರಬಾರದು ಎಂಬ ಭಯ ಇಲ್ಲದವರಿಗೆ ಆ ಹತ್ತು ಚೂರು ಹೊಳೆಯುತ್ತಲೇ ಇರಲಿಲ್ಲ.

ಬೆರಾಖಾ ಇಲ್ಲದೆ ಹುಡುಕುವ ಒಂದು ಸಂದರ್ಭವೂ ಉಂಟು. ಅದನ್ನು ಓದಿದಾಗ ನನಗೆ ನಮ್ಮೂರು ನೆನಪಾಯಿತು. ಸಮುದ್ರಯಾನಕ್ಕೆ ಹೊರಟವನು, ಒಂಟೆಗಳ ಸಾರ್ಥದ ಜೊತೆ ಹೊರಟವನು ಹಬ್ಬಕ್ಕೆ ಮೂವತ್ತು ದಿನದೊಳಗೆ ಮನೆ ಬಿಡುವುದಾದರೆ ಹೊರಡುವ ಮುನ್ನ ಹುಳಿ ಹುಡುಕಲೇಬೇಕು. ಅದಕ್ಕೂ ಮುಂಚೆ ಹೊರಟರೆ ಬೇಕಿಲ್ಲ. ಆದರೆ ಹಬ್ಬದ ಹೊತ್ತಿಗೆ ಮರಳುವ ಮನಸ್ಸಿದ್ದರೆ, ವರ್ಷದ ಮೊದಲ ದಿನವೇ ಹೊರಟರೂ ಹುಡುಕಿ ಹೋಗು ಎಂದರು ರಾವಾ. ಹಾಗೆ ಮುಂಚಿತವಾಗಿ ಹುಡುಕುವವನು ಬೆರಾಖಾ ಹೇಳಬಾರದು, ಅದರ ಕಾಲ ಇನ್ನೂ ಬಂದಿಲ್ಲ ಎಂದು ಕ್ರಾಕೋವ್‌ನ ಟಿಪ್ಪಣಿ. ಹಡಗಿನ ಮೇಲಿನ ಇನ್ನೊಂದು ನಿಯಮ ತೊಸೆಫ್ತಾ ಎಂಬ ಹಳೆಯ ಸಂಗ್ರಹದಲ್ಲಿದೆ. ಯೆಹೂದಿಯೂ ಅನ್ಯನೂ ಒಂದೇ ಹಡಗಿನಲ್ಲಿದ್ದು, ಯೆಹೂದಿಯ ಬಳಿ ಹುಳಿಯಿದ್ದರೆ ಅವನಿಗೆ ಮಾರಬಹುದು ಇಲ್ಲವೇ ದಾನ ಕೊಡಬಹುದು. ಹಬ್ಬ ಕಳೆದ ಮೇಲೆ ಮರಳಿ ಕೊಳ್ಳಬಹುದು. ಕೊಟ್ಟದ್ದು ಮಾತ್ರ ನಿಜವಾಗಿ ಕೊಟ್ಟದ್ದಾಗಿರಬೇಕು. ಇಂದು ಪೆಸಾಖ್‌ಗೆ ಮುಂಚೆ ಅಂಗಡಿ, ಗೋದಾಮುಗಳ ಹುಳಿಯನ್ನೆಲ್ಲ ಅನ್ಯರಿಗೆ ಕ್ರಯಪತ್ರ ಬರೆದು ಮಾರುವ ಏರ್ಪಾಡಿನ ಬೇರು ಆ ಹಡಗಿನಲ್ಲಿದೆ.

ಯಾರು ಆ ಸಮುದ್ರಯಾನಿಗಳು? ಒಬ್ಬರ ಹೆಸರು ನಮಗೆ ಗೊತ್ತು. ಅಬ್ರಹಾಂ ಬೆನ್ ಯೀಜು, ಈಗಿನ ಟ್ಯುನೀಷಿಯಾದ ಮಹ್ದಿಯಾ ಊರಿನವನು. 1132ರ ಹೊತ್ತಿಗೆ ಮಂಗಳೂರಿಗೆ ಬಂದು 1149ರವರೆಗೆ ಹೆಚ್ಚು ಕಡಿಮೆ ಹದಿನೇಳು ವರ್ಷ ಈ ಕರಾವಳಿಯಲ್ಲಿದ್ದ. ಅವನ ಪತ್ರಗಳಲ್ಲಿ ನಮ್ಮೂರು ‘ಮಂಜರೂರ್’. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ನಡೆಸಿದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಏಡನ್‌ಗೆ ಕಳಿಸುತ್ತಿದ್ದ. ಏಡನ್‌ನ ವರ್ತಕ ಮುಖಂಡ ಮದ್ಮೂನ್ ಇವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದ. ಬೊಮ್ಮ ಎಂಬ ತುಳುನಾಡಿನ ಆಳು ಅವನ ವ್ಯವಹಾರ ನೋಡಿಕೊಂಡು ಏಡನ್‌ಗೆ ಹೋಗಿಬರುತ್ತಿದ್ದ. ಅಮಿತಾವ್ ಘೋಷ್ 1992ರಲ್ಲಿ ಬರೆದ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಹುಟ್ಟಿದ್ದು ಆ ಆಳಿನ ಹುಡುಕಾಟದಲ್ಲಿ. ಈ ಪತ್ರಗಳೆಲ್ಲ ಉಳಿದದ್ದು ಹಳೆಯ ಕೈರ‍ೋದ ಸಿನಗಾಗ್ (ಯೆಹೂದ್ಯರ ಪ್ರಾರ್ಥನಾಮಂದಿರ) ಒಂದರ ಕಾಗದದ ಕೋಣೆಯಲ್ಲಿ. ದೇವರ ಹೆಸರಿರಬಹುದಾದ ಹಾಳೆಯನ್ನು ಎಸೆಯಬಾರದೆಂದು ಅಲ್ಲಿ ತುಂಬುತ್ತಿದ್ದರು. ಮೈಮೋನಿದೆಸ್ ಇದ್ದದ್ದೂ ಆ ಊರಿನಲ್ಲೇ. ಅವರ ತಮ್ಮ ದಾವೀದ್ ಇದೇ ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಹೊರಟು ನಡುನೀರಿನಲ್ಲಿ ಮುಳುಗಿ ಸತ್ತರು.

ಹಡಗಿನವನ ನಿಯಮ ಆ ಜನರಿಗೆ ಪುಸ್ತಕದ ಮಾತಾಗಿರಲಿಲ್ಲ. ಮಂಗಳೂರಿನಿಂದ ಅರಬ್ಬೀ ತೀರಕ್ಕೆ ಹಾಯಿ ಬಿಚ್ಚುವುದು ಈಶಾನ್ಯದ ಗಾಳಿ ಬೀಸುವ ತಿಂಗಳುಗಳಲ್ಲಿ, ಪೆಸಾಖ್ ಬರುವುದು ಮಾರ್ಚ್ ಏಪ್ರಿಲ್‌ನಲ್ಲಿ. ಮೂವತ್ತು ದಿನದ ಲೆಕ್ಕ ಹಾಕಬೇಕಾಗಿ ಬಂದವರು ಅವರೇ.

1132ರ ಅಕ್ಟೋಬರ್ 17ರಂದು ಬೆನ್ ಯೀಜು ಮಂಗಳೂರಿನಲ್ಲಿ ಒಂದು ಪತ್ರ ಬರೆದ. ಅಶು ಎಂಬ ನಮ್ಮ ಕಡೆಯ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ. ಅವಳಿಗೆ ಹೊಸ ಹೆಸರಿಟ್ಟ: ಬೆರಾಖಾ. ಸಬಾರ ಬಾಯಲ್ಲಿ ಅದುವರೆಗೆ ಸಾವಿರ ಸಲ ಕೇಳಿದ್ದ ಶಬ್ದ ನಮ್ಮೂರಿನ ಒಬ್ಬ ಹೆಣ್ಣಿನ ಹೆಸರಾಗಿತ್ತು ಎಂದು ಓದಿದ ದಿನ ನಾನು ಕೆಲಸ ಬಿಟ್ಟು ಬಾಲ್ಕನಿಗೆ ಹೋಗಿ ನಿಂತೆ. ಬೇರೆಯವರ ಮನೆಯಲ್ಲಿ ಬೇರೆಯವರ ಹಬ್ಬಕ್ಕೆ ಪಾತ್ರೆ ತೊಳೆಯುವುದು ಏನೆಂದು ನನಗೆ ಗೊತ್ತು.

ಭಾರತದ ಯೆಹೂದ್ಯರ ಬಗ್ಗೆ ಎರಡು ಮಾತು. ಕೊಂಕಣ ತೀರದ ಬೆನೆ ಇಸ್ರೇಲರು ಎಣ್ಣೆಗಾಣ ನಡೆಸಿಕೊಂಡು, ಶಾಸ್ತ್ರಗ್ರಂಥಗಳಿಲ್ಲದೆ ಶತಮಾನಗಳನ್ನು ಕಳೆದವರು. ಹುಳಿಯ ಕಾನೂನು ಅವರಿಗೆ ಮರೆತೇಹೋಗಿತ್ತು. ಆದರೂ ಅದೇ ಹೊತ್ತಿಗೆ ‘ಅನಶಿ ಢಾಕಾಚಾ ಸಣ’ ಎಂಬ ಹಬ್ಬ ಮಾಡುತ್ತಿದ್ದರು ಎಂದು ಅವರದೇ ಇತಿಹಾಸಕಾರ ಹಾಯೀಮ್ ಸಾಮ್ಯುಯೆಲ್ ಕೆಹಿಮ್ಕರ್ ಬರೆದಿದ್ದಾರೆ. ವರ್ಷವಿಡೀ ನೆಂಚಿಕೊಳ್ಳುವ ಹುಳಿರಸದ ಭರಣಿಗೆ ಮುಚ್ಚಳ ಹಾಕುವ ಹಬ್ಬ. ಬೆರಾಖಾ ಹೋಗಿತ್ತು, ಕಾರಣ ಹೋಗಿತ್ತು, ಭರಣಿ ಮುಚ್ಚುವ ಕೈ ಮಾತ್ರ ಉಳಿದಿತ್ತು. ಎಲಿಫಂಟೀನ್‌ನ ಹರಿದ ಪತ್ರದ ಮುದ್ರೆಯ ಮಾತು ಓದುವಾಗಲೆಲ್ಲ ನನಗೆ ಈ ಭರಣಿ ಕಾಣುತ್ತದೆ. ಕೊಚ್ಚಿಯ ಮಟ್ಟಾಂಚೇರಿಯವರದು ಇನ್ನೊಂದು ತುದಿ. ಡಿಸೆಂಬರಿನ ಹನುಕ್ಕಾ ಹಬ್ಬ ಮುಗಿಯುತ್ತಿದ್ದಂತೆ ಅಲ್ಲಿ ಪೆಸಾಖ್‌ನ ಕೆಲಸ ಶುರುವಾಗುತ್ತಿತ್ತು: ಗೋಡೆಗೆ ಸುಣ್ಣ, ಬಾವಿ ಖಾಲಿ ಮಾಡಿ ತಿಕ್ಕುವುದು, ಅಕ್ಕಿ, ಸಾಂಬಾರ ಪದಾರ್ಥಗಳನ್ನು ಆರಿಸಿ ಆರಿಸಿ ಕಟ್ಟಿಡುವುದು.

ಆ ಮಂಗಳವಾರ ರಾತ್ರಿಗೆ ಬರುತ್ತೇನೆ. ಕತ್ತಲಾಯಿತು. ನಾನು ಆ ಧರ್ಮದವಳಲ್ಲವಾದ್ದರಿಂದ ಅವರ ಪರವಾಗಿ ಹುಡುಕುವ ಹಕ್ಕು ನನಗಿಲ್ಲ, ಬೆಳಕು ಹಿಡಿಯಬಹುದು. ಮೇಣದ ಬತ್ತಿ ಹಚ್ಚಿದೆ. ಸಬಾ ವಾಕರ್ ಹಿಡಿದು ಎದ್ದು ನಿಂತರು, ಬೆರಾಖಾ ಹೇಳಿದರು. ‘ಅಲ್’ ಎಂಬಲ್ಲಿ ದನಿ ಗಟ್ಟಿಯಾಯಿತು. ಆಮೇಲೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಅವರು ಗದ್ದ ಎತ್ತಿದ ಕಡೆ ನಾನು ಬತ್ತಿ ಒಯ್ದೆ. ಅಡಿಗೆಮನೆಯ ಕಪಾಟು, ಸೋಫಾದ ಸಂದಿ, ಹಾಸಿಗೆಯ ಕೆಳಗೆ. ಪರದೆಗಳ ಹತ್ತಿರ ಹೋದಾಗ ಬತ್ತಿ ಬಿಟ್ಟು ಟಾರ್ಚ್ ಹಿಡಿದೆ. ಕೊನೆಗೆ ಬಾಗಿಲ ಹಿಂದಿನ ಉಣ್ಣೆ ಕೋಟು. ಕಿಸೆಗಳನ್ನೂ ನೋಡಬೇಕು ಎಂದು ಕ್ರಾಕೋವ್‌ನ ರಬ್ಬಿಯ ಟಿಪ್ಪಣಿಯಿದೆ. ನಡುಗುವ ಕೈ ಕಿಸೆಯೊಳಗೆ ಇಳಿಯಲು ಬಹಳ ಹೊತ್ತು ಹಿಡಿಯಿತು. ಹೊರಗೆ ಬಂದದ್ದು ಅರ್ಧ ರಸ್ಕ್. ಸಿನಗಾಗ್ ಮುಚ್ಚುವ ಮುಂಚೆ ಯಾವತ್ತೋ ಅಲ್ಲಿ ಚಹಾದ ಜೊತೆ ಕೊಟ್ಟದ್ದು.

ಯಾರೂ ಇಟ್ಟದ್ದಲ್ಲ ಅದು. ಸಬಾ ಅದನ್ನು ಬಟ್ಟಲಿಗೆ ಹಾಕಿ ಕುರ್ಚಿಯಲ್ಲಿ ಕೂತರು. ಕೂತು, ಕಣ್ಣಿಗೆ ಬೀಳದೆ ಮನೆಯಲ್ಲಿ ಉಳಿದಿರಬಹುದಾದ ಹುಳಿಯೆಲ್ಲ ನೆಲದ ಮಣ್ಣಿಗೆ ಸಮ, ಅದು ತನ್ನದಲ್ಲ ಎಂಬ ಮಾತನ್ನು ಅರಾಮಿಕ್‌ನಲ್ಲಿ ಹೇಳಿದರು. ಇದಕ್ಕೆ ಬೆರಾಖಾ ಇಲ್ಲ. ಬಿಡುವುದು ಮನಸ್ಸಿನ ಕೆಲಸ, ಮನಸ್ಸಿನ ಕೆಲಸಕ್ಕೆ ಬೆರಾಖಾ ಹೇಳುವ ಕ್ರಮವಿಲ್ಲ. ಬಹುಪಾಲು ಪ್ರಾರ್ಥನೆ ಹೀಬ್ರೂನಲ್ಲಿರುವಾಗ ಇದು ಯಾಕೆ ಅರಾಮಿಕ್? ಇದು ರೂಪುಗೊಂಡ ಕಾಲಕ್ಕೆ ಅದು ಜನ ಸಂತೆಯಲ್ಲಿ ಆಡುತ್ತಿದ್ದ ಭಾಷೆ. ಅರ್ಥವಾಗದವನು ತನಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕೆಂದು ಶಾಸ್ತ್ರವಿದೆ. ನನ್ನ ಅಜ್ಜಿ ಲ್ಯಾಟಿನ್ ಪೂಜೆಗೆ ಅರ್ಧ ಆಯುಷ್ಯ ಮೊಣಕಾಲೂರಿದವರು. ಇಗರ್ಜಿಯಲ್ಲಿ ಪೂಜೆ ಕೊಂಕಣಿಗೆ ಬಂದ ದಿನ ಅತ್ತಿದ್ದರಂತೆ. ಸಬಾ ಅರಾಮಿಕ್ ಮುಗಿಸಿ ಅದೇ ಮಾತನ್ನು ಏಡನ್‌ನ ಅರಬಿಯಲ್ಲಿ, ತಾಯಿಯ ಭಾಷೆಯಲ್ಲಿ, ಮತ್ತೊಮ್ಮೆ ಹೇಳಿದಾಗ ನನಗೆ ಅಜ್ಜಿ ನೆನಪಾದರು.

ಇಬ್ಬರು ಶಿಷ್ಯರಲ್ಲಿ ಯಾರು ಸರಿ ಎಂದು ಕೇಳಿದರೆ ನನ್ನ ಮತ ರವ್ ಪಾಪಾಗೆ. ‘ತೆಗೆಯಲು’ ಎಂಬ ಮಾತು ಗಟ್ಟಿ ಕೈಕಾಲಿನವನಿಗೆ ಸಾಕು. ಎದ್ದು ನಿಲ್ಲಲು ವಾಕರ್ ಬೇಕಾದವನಿಗೆ, ಬತ್ತಿ ಬೇರೆಯವರ ಕೈಯಲ್ಲಿರುವಾಗ, ಸುಳ್ಳಿಲ್ಲದೆ ಹೇಳಲು ಆಗುವುದು ‘ಅಲ್’ ಒಂದೇ.

ಮರುದಿನ ಬೆಂಕಿ ಹಾಕಲು ಕೆಳಗಿಳಿಯುವಂತಿರಲಿಲ್ಲ. ಸುಟ್ಟರೆ ಮಾತ್ರ ಸರಿ ಎಂದು ಮಿಶ್ನಾದಲ್ಲಿ ರಬ್ಬಿ ಯೆಹೂದಾ ಹಟ ಹಿಡಿದರೆ, ಉಳಿದ ಪಂಡಿತರು ಪುಡಿ ಮಾಡಿ ಗಾಳಿಗೆ ತೂರಬಹುದು, ಸಮುದ್ರಕ್ಕೆ ಎಸೆಯಬಹುದು ಎಂದಿದ್ದಾರೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಸಬಾ ಬಾಲ್ಕನಿಯಲ್ಲಿ ಕೂತು ಅರ್ಧ ರಸ್ಕನ್ನು ಎರಡು ಬೆರಳಿನಿಂದ ಪುಡಿ ಮಾಡಿದರು. ಬೆರಾಖಾ ಹೇಳಲಿಲ್ಲ, ಅದು ಹಿಂದಿನ ರಾತ್ರಿಯೇ ಆಗಿತ್ತು. ಪಶ್ಚಿಮದಿಂದ, ಸಮುದ್ರದ ಕಡೆಯಿಂದ ಗಾಳಿಯಿತ್ತು. ಕೆಳಗಿನ ರಸ್ತೆಯಲ್ಲಿ ಯಾರೂ ಇರಲಿಲ್ಲ.